ಇಂಗುವ ನೆಲ, ಇಂಗದ ಅಂಗಳ

ಚೆನ್ನೈನ ನಮ್ಮ ಅಪಾರ್ಟ್‌ಮೆಂಟಿನ ಅಂಗಳಕ್ಕೆ 2017ರಲ್ಲಿ ಕಾಂಕ್ರೀಟ್ ಹಾಕಿಸಿದವರಲ್ಲಿ ನಾನೂ ಒಬ್ಬ. ಕೆಸರಿನಿಂದ ಬೇಸತ್ತು, ಕಾರು ನಿಲ್ಲಿಸಲು ಅನುಕೂಲ ಎಂದು ಸಭೆಯಲ್ಲಿ ಕೈ ಎತ್ತಿದ್ದೆ. 2019ರ ಜೂನ್‌ನಲ್ಲಿ ಬೋರ್‌ವೆಲ್ ಬರಿ ಗಾಳಿ ಉಗುಳಿತು. ಆ ವರ್ಷ ನಗರದ ಜಲಾಶಯಗಳೇ ಬತ್ತಿದ್ದವು, ತಪ್ಪೆಲ್ಲ ಅಂಗಳದ್ದಲ್ಲ ನಿಜ. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂತು. ಅದು ಮೆಟ್ಟೂರಿನ ಕಡೆಯಿಂದ ಬಂದ ಕಾವೇರಿ. ಆಫೀಸಿನಲ್ಲಿ ಅದರ ಬಗ್ಗೆ ನಾನು ಬಾಯಿ ಬಿಡಲಿಲ್ಲ!

ಪ್ಲಂಬರ್ ಬಂದು ನೋಡಿ, 'ಉರಿಂಜು ಕುಳಿ ಎಲ್ಲಿ ಸಾರ್?' ಎಂದು ಕೇಳಿದ. 2003ರಲ್ಲಿ ತಮಿಳುನಾಡು ಸರಕಾರ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತ್ತಲ್ಲ, ಆಗ ತೋಡಿದ ಗುಂಡಿ ನಮ್ಮಲ್ಲೂ ಇತ್ತು. ಅದನ್ನು ಕಾಂಕ್ರೀಟಿನ ಅಡಿಯಲ್ಲಿ ನಾವೇ ಹೂತಿದ್ದೆವು.

ಅವನ ಮಾತು ತಲೆಯಲ್ಲಿ ಉಳಿಯಿತು. 'ಉರಿಂಜು' ಎಂದರೆ ಹೀರು. ಕುಳಿ ನಮ್ಮದೂ ಹೌದು. ತಮಿಳಿನಲ್ಲಿ ನೆಲ ನೀರನ್ನು ಹೀರುತ್ತದೆ. ಕನ್ನಡದ ಇಂಗುಗುಂಡಿಯಲ್ಲಿ ನೀರು ತಾನೇ ಇಂಗುತ್ತದೆ. ತೆಲುಗಿನವರ 'ಇಂಕುಡು ಗುಂತ' ನಮ್ಮ ಮಾತಿಗೇ ಹತ್ತಿರ. (ತಮಿಳರ ಮುಂದೆ 'ಇಂಗು' ಎಂದರೆ 'ಇಲ್ಲಿ' ಎಂದುಕೊಳ್ಳುತ್ತಾರೆ, ನಮ್ಮ ಮನೆಯಲ್ಲಿ ಸಾರಿನ ಒಗ್ಗರಣೆ ನೆನಪಾಗುತ್ತದೆ.)

ಶಾಲೆಯ ವಿಜ್ಞಾನದ ಪುಸ್ತಕ ಕಲಿಸಿದ್ದು 'ಸರಂಧ್ರ'. ರಂಧ್ರಗಳಿವೆ ಎಂದಷ್ಟೇ ಆ ಪದ ಹೇಳುತ್ತದೆ, ಒಂದರಿಂದ ಇನ್ನೊಂದಕ್ಕೆ ದಾರಿ ಇದೆಯೇ ಎಂದು ಹೇಳುವುದಿಲ್ಲ. ಎಂಟೆಕ್‌ನಲ್ಲಿ ಓದಿದ ಪಾಠ ಇದೇ: ಜೇಡಿಮಣ್ಣಿನಲ್ಲಿ ಮರಳಿಗಿಂತ ಹೆಚ್ಚು ಖಾಲಿ ಜಾಗ ಇರಬಹುದು, ಆದರೂ ನೀರು ಅದರಲ್ಲಿ ಸುಲಭವಾಗಿ ಸಾಗದು. ಫ್ರಾನ್ಸಿನ ಹೆನ್ರಿ ಡಾರ್ಸಿ ಮರಳಿನಲ್ಲಿ ನೀರು ಹರಿಸಿ ಅಳೆದು, 1856ರಲ್ಲಿ ಇದಕ್ಕೆ ಸೂತ್ರ ಕೊಟ್ಟ. 'ಪಾರಗಮ್ಯ' ಎಂಬ ಪದ ಆ ಗುಣಕ್ಕೆ. ಸರಿಯಾದ ಪದವೇ, ಆದರೆ ಪ್ಲಂಬರ್ ಮುಂದೆ ಬಳಸಲಾಗದು.

ಮದರಾಸು ಮರಳಿನ ಗುಣವನ್ನು ಮೊದಲೇ ಬಲ್ಲದು. ಜಾರ್ಜ್ ಟೌನಿನ ಏಳುಕಿಣರಿನ ಬಾವಿಗಳು 1770ರ ದಶಕದಿಂದ ಸೇಂಟ್ ಜಾರ್ಜ್ ಕೋಟೆಗೆ ನೀರು ಕೊಟ್ಟವು. 1800ರಲ್ಲಿ ಇದೇ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರು ಸುತ್ತಿದ. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ತೂತುತೂತಿನ ಕೆಂಪು ಕಲ್ಲಿಗೆ, ಲ್ಯಾಟಿನ್‌ನಲ್ಲಿ ಇಟ್ಟಿಗೆ ಎಂಬರ್ಥದ ಪದದಿಂದ, ಲ್ಯಾಟರೈಟ್ ಎಂದು ಹೆಸರಿಟ್ಟ. ಅವನ ಪುಸ್ತಕ 1807ರಲ್ಲಿ ಬಂತು. ಸ್ಥಳೀಯರು ಅದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆಂದು ಅವನೇ ಬರೆದಿದ್ದಾನೆ. ನಮ್ಮ ಕರಾವಳಿಯವರಿಗೆ ಅದು ಮುರಕಲ್ಲು. ಮೆತ್ತಗಿದ್ದಾಗ ಕಡಿದು ತೆಗೆದರೆ ಗಾಳಿಗೆ ಗಟ್ಟಿಯಾಗುತ್ತದೆ.

ಕಾಸರಗೋಡಿನ ಕೃಷಿಕರು ಇದೇ ಕಲ್ಲಿನ ಗುಡ್ಡಗಳಲ್ಲಿ ಅಡ್ಡಕ್ಕೆ ಸುರಂಗ ಕೊರೆದರು. ಮಳೆಗೆ ಗುಡ್ಡದಲ್ಲಿ ಇಂಗಿದ ನೀರು ಸುರಂಗದ ಗೋಡೆಯಲ್ಲಿ ಒಸರಿ, ಪಂಪಿಲ್ಲದೆ ತೋಟಕ್ಕೆ ಬರುತ್ತದೆ. ಇಂಗು, ಜಿನುಗು, ಒಸರು: ಒಂದೇ ಕಲ್ಲಿನೊಳಗೆ ನೀರು ಹೋಗುವುದಕ್ಕೆ, ಸಾಗುವುದಕ್ಕೆ, ಹೊರಬರುವುದಕ್ಕೆ ಬೇರೆ ಬೇರೆ ಕ್ರಿಯಾಪದ. ಕಲ್ಲಿಗೆ ವಿಶೇಷಣ ಹುಡುಕುವ ಅಗತ್ಯವೇ ಅವರಿಗೆ ಬೀಳಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ನಾವು ಆ ಆಗಸ್ಟ್‌ನಲ್ಲಿ ಕಾಂಕ್ರೀಟ್ ಒಡೆಸಿದೆವು, ಮೂರು ಕಾರು ನಿಲ್ಲುವಷ್ಟು ಜಾಗದಲ್ಲಿ. ಹಾಕಿಸುವಾಗ ಕೊಟ್ಟದ್ದಕ್ಕಿಂತ ಒಡೆಸಲು ಹೆಚ್ಚು ಖರ್ಚಾಯಿತು. ಒಂದು ಜಾಗ ನನ್ನದು. ಈಗ ಕಾರು ರಸ್ತೆಯಲ್ಲಿ ನಿಲ್ಲುತ್ತದೆ.