ಬೆಂಟನ್ ಎಂಡ್: ಕಲಾಶಾಲೆಯಾದ ಹಳ್ಳಿಮನೆ

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಹ್ಯಾಡ್ಲಿ ಪಟ್ಟಣದಂಚಿನಲ್ಲಿರುವ ಬೆಂಟನ್ ಎಂಡ್ 16ನೇ ಶತಮಾನದ ದೊಡ್ಡ ಹಳ್ಳಿಮನೆ. 1940ರಿಂದ ಹಲವು ದಶಕ ಇದು ಚಿತ್ರಕಾರ ಸೆಡ್ರಿಕ್ ಮಾರಿಸ್ ಅವರ ಮನೆಯೂ ಹೌದು, ಶಾಲೆಯೂ ಹೌದು. 1889ರಲ್ಲಿ ವೇಲ್ಸ್‌ನ ಸ್ವಾನ್‌ಸಿ ಬಳಿ ಹುಟ್ಟಿದ ಮಾರಿಸ್ ಶ್ರೀಮಂತ ಮನೆತನದವರು. 1947ರಲ್ಲಿ ತಂದೆ ತೀರಿಕೊಂಡಾಗ ವಂಶದ ಬ್ಯಾರನೆಟ್ ಪದವಿ ಅವರಿಗೆ ಬಂದು, ಅವರು ಸರ್ ಸೆಡ್ರಿಕ್ ಆದರು.

ಶಾಲೆ ಶುರುವಾದದ್ದು ಇಲ್ಲಲ್ಲ. 1937ರಲ್ಲಿ ಮಾರಿಸ್ ಮತ್ತು ಅವರ ಬಾಳಸಂಗಾತಿ, ಕಲಾವಿದ ಆರ್ಥರ್ ಲೆಟ್-ಹೇನ್ಸ್ ಡೆಡಮ್ ಎಂಬ ಊರಿನಲ್ಲಿ 'ಈಸ್ಟ್ ಆಂಗ್ಲಿಯನ್ ಸ್ಕೂಲ್ ಆಫ್ ಪೇಂಟಿಂಗ್ ಅಂಡ್ ಡ್ರಾಯಿಂಗ್' ತೆರೆದರು. 1939ರ ಜುಲೈನಲ್ಲಿ ಕಟ್ಟಡ ಸುಟ್ಟುಹೋಯಿತು. ಆಗ 16 ವರ್ಷದ ವಿದ್ಯಾರ್ಥಿಯಾಗಿದ್ದ ಲೂಸಿಯನ್ ಫ್ರಾಯ್ಡ್ ಅವರ ಸಿಗರೇಟೇ ಕಾರಣವೆಂಬ ಮಾತು ಇಂದಿಗೂ ಇದೆ. ಮಾರಿಸ್ ವಿದ್ಯಾರ್ಥಿಗಳನ್ನು ಆ ಅವಶೇಷಗಳ ಎದುರೇ ಚಿತ್ರ ಬರೆಯಲು ಕೂರಿಸಿದರು. ಅವರ ಬೋಧನೆಯ ಸ್ವಭಾವ ತಿಳಿಯಲು ಇದೊಂದೇ ಸಂಗತಿ ಸಾಕು.

ಬೆಂಕಿಯ ನಂತರ ಶಾಲೆ ನೆಲೆಗೊಂಡ ಬೆಂಟನ್ ಎಂಡ್‌ನಲ್ಲಿ ಬಿಗಿಯಾದ ಪಾಠಕ್ರಮ ಇರಲಿಲ್ಲ. ಹರೆಯದವರೂ ವಯಸ್ಸಾದವರೂ, ಹವ್ಯಾಸಿಗಳೂ ಒಟ್ಟಿಗೆ ಕಲಿಯುತ್ತಿದ್ದರು. ಮಾರಿಸ್ ಪೂರ್ವರೇಖೆ ಎಳೆಯದೆ, ಕ್ಯಾನ್ವಾಸಿನ ಎಡ ಮೇಲ್ತುದಿಯಿಂದ ಬಣ್ಣ ಹಚ್ಚುತ್ತ ಬಲ ಕೆಳತುದಿಗೆ ಬಂದು ಚಿತ್ರ ಮುಗಿಸುತ್ತಿದ್ದರು. ಲೆಟ್-ಹೇನ್ಸ್ ಎಲ್ಲರಿಗೂ ಅಡುಗೆ ಮಾಡುತ್ತ, ಶಾಲೆಯ ಆಡಳಿತ ನೋಡಿಕೊಳ್ಳುತ್ತ, ವಿದ್ಯಾರ್ಥಿಗಳ ಕೆಲಸವನ್ನು ವಿಮರ್ಶಿಸುತ್ತಿದ್ದರು. ಶಾಲೆಯನ್ನು ಮಾರಿಸ್ ಹೆಸರಿನಿಂದಷ್ಟೇ ಗುರುತಿಸುವುದು ಲೆಟ್-ಹೇನ್ಸ್ ಅವರಿಗೆ ಮಾಡುವ ಅನ್ಯಾಯ. 1960ರಲ್ಲಿ, 15ನೇ ವಯಸ್ಸಿನಲ್ಲಿ, ತಮ್ಮ ಎರಡು ತೈಲಚಿತ್ರ ಹಿಡಿದು ಈ ಮನೆಯ ಬಾಗಿಲಿಗೆ ಬಂದ ಮ್ಯಾಗಿ ಹ್ಯಾಂಬ್ಲಿಂಗ್ ಮುಂದೆ ಹೆಸರಾಂತ ಕಲಾವಿದೆಯಾದರು. ಕೆಲಸವನ್ನೇ ಆಪ್ತ ಗೆಳೆಯನನ್ನಾಗಿ ಮಾಡಿಕೊಳ್ಳಬೇಕೆಂದು ಅವರಿಗೆ ಕಲಿಸಿದವರು ಲೆಟ್-ಹೇನ್ಸ್.

ಮನೆಯ ಸುತ್ತಲಿನ ತೋಟವೂ ಶಾಲೆಯ ಭಾಗವೇ. ಮಾರಿಸ್ ಅಲ್ಲಿ ಐರಿಸ್ ಗಿಡಗಳನ್ನು ಸಂಕರಗೊಳಿಸಿ, ವರ್ಷಕ್ಕೆ ಸುಮಾರು ಸಾವಿರ ಸಸಿ ಎಬ್ಬಿಸುತ್ತಿದ್ದರು. ಹೆಸರಿಟ್ಟ ಸುಮಾರು 90 ತಳಿಗಳಲ್ಲಿ ಹಲವಕ್ಕೆ 'ಬೆಂಟನ್' ಎಂಬ ಪೂರ್ವಪದವಿದೆ. ಲಂಡನ್ನಿನ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿರುವ 1943ರ 'ಐರಿಸ್ ಸೀಡ್ಲಿಂಗ್ಸ್' ಚಿತ್ರ ಈ ಹೂಗಳದ್ದೇ. ಬಣ್ಣ ನೋಡುವ ಕಣ್ಣು ತೋಟದಲ್ಲಿ ಹದಗೊಂಡು ಕ್ಯಾನ್ವಾಸಿಗೆ ಬಂದದ್ದು ಅದರಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಲೆಟ್-ಹೇನ್ಸ್ 1978ರಲ್ಲಿ, ಮಾರಿಸ್ 1982ರಲ್ಲಿ ತೀರಿಕೊಂಡರು. ಮುಂದೆ ಮನೆ ಬೇರೆಯವರ ಕೈಸೇರಿತು. 2021ರಲ್ಲಿ ಅದು ಲಂಡನ್ನಿನ ಗಾರ್ಡನ್ ಮ್ಯೂಸಿಯಂಗೆ ಬಂದಿದ್ದು, ಕಲೆ ಮತ್ತು ತೋಟಗಾರಿಕೆಯ ಕಲಿಕೆಗೆ ಮತ್ತೆ ತೆರೆಯುವುದು ಆ ಸಂಸ್ಥೆಯ ಉದ್ದೇಶ.