ಕಡೂರು ಸೀಮೆಯ ಬಾಲಶಿಕ್ಷೆ: ನುಡಿಯೂ ಅಕ್ಷರವೂ

ಓದನ್ನು ಕಲಿಯದವರೂ ತಂತಮ್ಮ ನುಡಿಯಲ್ಲಿ ಜಾಣರು, ಕಿರುಮಕ್ಕಳು ಕೂಡ ಮಾತಿನ ವಿವೇಕವನ್ನು ಅರಿಯಬಲ್ಲರು ಎಂಬ ಅಭಿಪ್ರಾಯವನ್ನು ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿಯೇ ಸೂಚಿಸಿರುವನು. ಮಗುವಿಗೆ ಮನೆಯಲ್ಲಿ ಬಂದ ಈ ಜಾಣ್ಮೆಯನ್ನು ಬಾಲಶಿಕ್ಷೆಯು ಎಷ್ಟುಮಟ್ಟಿಗೆ ಉಪಯೋಗಿಸಿಕೊಂಡಿತೆಂಬುದನ್ನು ವಿಚಾರಿಸಲು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯು ಒಳ್ಳೆಯ ನೆಲೆ.

ಈ ಸೀಮೆಗೆ ಅಕ್ಷರವೇನೂ ಹೊಸತಲ್ಲ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ವೀರಬಲ್ಲಾಳನ ಕಾಲದ ದೇವಾಲಯವೂ (ಕ್ರಿ. ಶ. 1196) ಜನ್ನಕವಿ ರಚಿಸಿದ ಶಾಸನವೂ ಇವೆ. ಆದರೆ ಶಾಸನವು ಪ್ರೌಢರ ಓದು. ಮೈಸೂರು ಸೀಮೆಯ ಮಕ್ಕಳ ಓದು ಬಹುಕಾಲ ಕೂಲಿಮಠದ ಜಗಲಿಯಲ್ಲಿ ನಡೆಯಿತು. ಐಗಳು ಓನಾಮವನ್ನು ಹೇಳಿಕೊಡುವರು. ಮಗು ಮರಳಿನ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಒಪ್ಪಿಸುವುದು. ಬಳಿಕ ಕಾಗುಣಿತ, ಮಗ್ಗಿ, ಅಮರ. ವ್ಯಂಜನಗಳು 34, ಒಂದೊಂದಕ್ಕೂ ರೂಪ 15, ಒಟ್ಟು 510. ಇದು ಬರಿಯ ಉರುಹೊಡೆಯುವಿಕೆ ಎಂದು ಆಧುನಿಕರು ಹಳಿದುದುಂಟು. ಆ ಮಾತು ಪೂರ್ಣ ಸತ್ಯವಲ್ಲ. ಕನ್ನಡದ ಅಕ್ಷರವು ನಾಲಗೆಯ ಒಂದು ತುಣುಕಿಗೆ ಕಣ್ಣಿನ ಒಂದು ಗುರುತು. 'ಮನೆ' ಎಂಬುದನ್ನು ಮಗು ಎರಡು ತುಣುಕಾಗಿ ನುಡಿಯುವುದು, ಎರಡು ಅಕ್ಷರವಾಗಿಯೇ ಬರೆಯುವುದು. ತೊಡಕು ಒತ್ತಕ್ಷರದಲ್ಲಿ: ಕಿವಿಗೆ 'ಅಕ್-ಕ', ಕಣ್ಣಿಗೆ 'ಅ-ಕ್ಕ'. ಮಕ್ಕಳು ಇಲ್ಲಿ ಎಡವುವುದು ಆಶ್ಚರ್ಯವಲ್ಲ.

1863ರಲ್ಲಿ ಕಡೂರು ಜಿಲ್ಲೆ ಏರ್ಪಟ್ಟಿತು. 1868ರಲ್ಲಿ ಬಿ. ಎಲ್. ರೈಸರ ಯೋಜನೆಯಂತೆ ಸಂಸ್ಥಾನದಲ್ಲಿ ಹೋಬಳಿ ಶಾಲೆಗಳು ಆರಂಭವಾದುವು. ಕ್ರಮೇಣ ಮರಳು ಹೋಗಿ ಹಲಗೆ ಬಂದಿತು, ಅಚ್ಚಿನ ಪುಸ್ತಕ ಬಂದಿತು. ವರ್ಣಮಾಲೆಯ ಕ್ರಮ ಮಾತ್ರ ನಿಂತಿತು. ಆಗ ಪ್ರಬಲವಾದುದು ಬೇರೊಂದು ಅಂತರ. ಬಯಲುಸೀಮೆಯ ಒಕ್ಕಲುಮಕ್ಕಳ ಆಡುನುಡಿಯಲ್ಲಿ ಮಹಾಪ್ರಾಣವು ಕೇಳಿಬರುವುದು ವಿರಳ. ಶ, ಷ, ಸಗಳು ಒಂದಾಗುವುವು. 'ಬರುತ್ತಾನೆ' ಎಂಬುದು 'ಬರ್ತಾನೆ' ಆಗುವುದು. ಕೇಶಿರಾಜನೂ ಅಚ್ಚಗನ್ನಡದ ವರ್ಣಗಳಿಂದ ಶ, ಷಗಳನ್ನು ಹೊರಗಿಟ್ಟಿರುವನಷ್ಟೆ! ಆದುದರಿಂದ ಮಗುವಿನ ಉಚ್ಚಾರಣೆಯನ್ನು ಅಶುದ್ಧವೆನ್ನುವ ಉಪಾಧ್ಯಾಯನು ಶಬ್ದಮಣಿದರ್ಪಣವನ್ನು ಮತ್ತೊಮ್ಮೆ ತಿರುವಬೇಕು.

ಇದಕ್ಕಿಂತ ವಿಚಾರಾರ್ಹವಾದುದು ಇಲ್ಲಿನ ತಾಂಡಗಳ ಸ್ಥಿತಿ. ಲಂಬಾಣಿ ನುಡಿಗೆ ಸ್ವಂತ ಲಿಪಿಯಿಲ್ಲ. ಆ ಮಕ್ಕಳು ಓದುವುದು ಕನ್ನಡದಲ್ಲಿ. ಅವರ ಮನೆಮಾತಿನಲ್ಲಿ ಮನೆಗೆ 'ಘರ್' ಎಂದೇ ಹೆಸರು. ಒಕ್ಕಲುಮಗುವಿಗೆ ಅಪರಿಚಿತವಾದ ಘಕಾರವು ತಾಂಡದ ಮಗುವಿಗೆ ತೊಟ್ಟಿಲಲ್ಲಿಯೇ ಕಿವಿಗೆ ಬಿದ್ದ ಧ್ವನಿ. ಆದರೆ ಪುಸ್ತಕದಲ್ಲಿ 'ಮನೆ' ಎಂದು ತಪ್ಪಿಲ್ಲದೆ ಓದಿದಾಗ ಅದಕ್ಕೆ ಮನೆಯ ಚಿತ್ರವು ಮೂಡಲಾರದು. ಒಬ್ಬನಿಗೆ ಅರ್ಥವುಂಟು, ಧ್ವನಿಯಿಲ್ಲ. ಇನ್ನೊಬ್ಬನಿಗೆ ಧ್ವನಿಯುಂಟು, ಅರ್ಥವಿಲ್ಲ. ಗಟ್ಟಿಯಾಗಿ ಒಪ್ಪಿಸುವುದನ್ನೇ ಪರೀಕ್ಷೆಯಾಗಿಟ್ಟುಕೊಂಡಲ್ಲಿ ಎರಡನೆಯವನ ಕೊರತೆಯು ಉಪಾಧ್ಯಾಯನ ಗಮನಕ್ಕೇ ಬಾರದು; ಮೇಲಿನ ತರಗತಿಗೆ ಹೋಗಿ ಪಾಠದ ಅರ್ಥವನ್ನು ಹೇಳಬೇಕಾದಾಗ ಹೊರಬೀಳುವುದು.

ಕನ್ನಡ ಮಕ್ಕಳ ಓದನ್ನು ಪರಿಶೀಲಿಸಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಅಕ್ಷರಗಳ ಕಲಿಕೆಯು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದು. ಅಕ್ಷರದೊಳಗಣ ಸ್ವರವ್ಯಂಜನಗಳನ್ನು ಬಿಡಿಸಿ ಅರಿಯುವ ಶಕ್ತಿಯು ತಡವಾಗಿ ಬರುವುದು. ಒಂದೇ ವರ್ಷದಲ್ಲಿ ಕಾಗುಣಿತವನ್ನು ಮುಗಿಸಿ, ಆ ಅಕ್ಷರಗಳಿಂದಾದ ಮಾತುಗಳನ್ನು ಮಗು ಎಂದಾದರೂ ಆಡಿದೆಯೇ ಎಂದು ಕೇಳದಿರುವ ಪದ್ಧತಿಯು ಕೂಲಿಮಠದ ನಿಧಾನವನ್ನು ಬಿಟ್ಟು ಅದರ ಉರುವನ್ನು ಮಾತ್ರ ಉಳಿಸಿಕೊಂಡಂತಾಗಿದೆ.