‘ಎದೆ ಡವಡವ ಅಂತೈತೆ’: ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಆತಂಕದ ಕಾಯಿಲೆಯನ್ನು ಗುರುತಿಸುವ ಬಗೆ

‘ಆತಂಕ’ ಎಂಬುದು ಪುಸ್ತಕದ ಮಾತು. ಚಳ್ಳಕೆರೆ, ಮೊಳಕಾಲ್ಮುರು ಕಡೆಯವರು ಆ ಪದ ಹಿಡಿದು ಆಸ್ಪತ್ರೆಗೆ ಬರುವುದಿಲ್ಲ. ‘ಎದೆ ಡವಡವ ಅಂತೈತೆ’, ‘ಜೀವ ಹಾರಿದಂಗಾಗ್ತೈತೆ’, ‘ಗ್ಯಾಸು ಎದೆಗೇರೈತೆ’ ಎನ್ನುತ್ತಾರೆ. ಮನೆಮಾತು ತೆಲುಗಾದವರಿಗೆ ಅದು ‘ಗುಂಡೆ ದಡ’. ಔಷಧ ಸಿಗದಿರುವುದಕ್ಕಿಂತ ಮೊದಲು, ಈ ಮಾತುಗಳನ್ನು ಬರೀ ಮೈಯ ದೂರೆಂದು ಬರೆದುಕೊಳ್ಳುವುದರಿಂದಲೇ ಕಾಯಿಲೆ ಕಣ್ತಪ್ಪುತ್ತದೆ ಎಂಬುದು ಈ ಲೇಖನದ ವಾದ.

ಮೊಳಕಾಲ್ಮುರಿನಲ್ಲಿ ಗುಂಡಿ ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುವವನೊಬ್ಬನನ್ನು ಊಹಿಸಿಕೊಳ್ಳಿ. ಲಾಳಿ ನಡೆಸುತ್ತಿದ್ದ ಕೈ ಥಟ್ಟನೆ ನಿಲ್ಲುತ್ತದೆ. ಮೈಯೆಲ್ಲ ಬೆವರು, ಉಸಿರು ಸಾಲದು, ಈಗಲೇ ಸತ್ತೆನೆಂಬ ದಿಗಿಲು. ಹತ್ತು ನಿಮಿಷದೊಳಗೆ ತುದಿಗೇರಿ ಆಮೇಲೆ ಇಳಿಯುವ ಇದು ಗಾಬರಿಯ ದಾಳಿ ಇರಬಹುದು. ಇಸಿಜಿ ಮಾಡಿಸಲೇಬೇಕು, ಥೈರಾಯ್ಡ್, ರಕ್ತಹೀನತೆಯನ್ನೂ ನೋಡಬೇಕು. ಎಲ್ಲ ಸರಿಯಿದೆಯೆಂದು ಗೊತ್ತಾದ ಮೇಲೆ ಬರುವ ‘ಏನೂ ಇಲ್ಲ, ಹೋಗಪ್ಪ’ ಎಂಬ ಮಾತೇ ಎಡವಟ್ಟು. ಏನೋ ಇದೆ ಎಂದು ಬಲ್ಲವನು ಇನ್ನೊಬ್ಬ ಡಾಕ್ಟರ ಬಳಿ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಳ್ಳುತ್ತಾನೆ.

ಶೇಂಗಾ ಬಿತ್ತಿ ಮುಗಿಲು ನೋಡುವ ಚಳ್ಳಕೆರೆಯ ರೈತನ ಚಿಂತೆ ರೋಗವಲ್ಲ, ಲೆಕ್ಕಾಚಾರ. ಮಳೆ ಬಂದರೂ ನಿದ್ದೆ ಹತ್ತದೆ, ಕಾರಣ ಬದಲಾದರೂ ಕಳವಳ ಬದಲಾಗದೆ, ತಿಂಗಳುಗಟ್ಟಲೆ ಕೆಲಸ ಕೆಟ್ಟರೆ ಆಗ ಪರೀಕ್ಷೆ ಬೇಕು. 2006ರಲ್ಲಿ ಪ್ರಕಟವಾದ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿ ಹಿಂದಿನ ಎರಡು ವಾರಗಳ ಸ್ಥಿತಿಯನ್ನು ಕೇಳುತ್ತದೆ. 21ಕ್ಕೆ 10 ಅಥವಾ ಹೆಚ್ಚು ಬಂದರೆ ಮುಂದಿನ ತಪಾಸಣೆ. ಆದರೆ ಅದನ್ನು ಗ್ರಾಂಥಿಕ ಕನ್ನಡದಲ್ಲಿ ಓದಿ ಹೇಳಿದರೆ ಉತ್ತರವೂ ಗ್ರಾಂಥಿಕವಾಗಿಯೇ ಬರುತ್ತದೆ. ಆಶಾ ಕಾರ್ಯಕರ್ತೆ ‘ಎದೆ ಹೊಡ್ಕಂತೈತಾ, ಯವ್ವಾ?’ ಎಂದೇ ಕೇಳಬೇಕು.

ಮೊಳಕಾಲ್ಮುರಿಗೆ ತಾಗಿದ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಪಾವಧಿ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದಲ್ಲಿ ಹಬ್ಬಿತು. ಅಲ್ಲಿ ಚಿತ್ತವಿಕಲತೆ, ಮೂರ್ಛೆರೋಗಗಳಿಗೆ ಮೊದಲ ಮಣೆ. ಆತಂಕ ಹಿಂದಿನ ಸಾಲಿನಲ್ಲಿ ಉಳಿಯಿತೆಂದೇ ನನ್ನ ಎಣಿಕೆ. ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಕಂಡಿತ್ತು. ಹೆಚ್ಚಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಮದ್ದು ಏನು? ಯೋಚನೆ, ನಡವಳಿಕೆಗಳನ್ನು ತಿದ್ದುವ ಆಪ್ತ ಸಮಾಲೋಚನೆ. ಬೇಕಾದವರಿಗೆ ಎಸ್‌ಎಸ್‌ಆರ್‌ಐ ಮಾತ್ರೆ. ಅದು ಹಿಡಿಯಲು ವಾರಗಳು ಬೇಕೆಂದು ಮೊದಲೇ ಹೇಳದಿದ್ದರೆ ರೋಗಿ ನಾಲ್ಕನೇ ದಿನಕ್ಕೇ ಬಿಡುತ್ತಾನೆ. ಆಲ್‌ಪ್ರಜೋಲಮ್‌ನಂಥ ಗುಳಿಗೆ ಅಂದೇ ಸಮಾಧಾನ ಕೊಡುತ್ತದೆ, ಚಟವನ್ನೂ ಅಂಟಿಸುತ್ತದೆ. ಸಾಲದ ನೋಟಿಸಿಗಂತೂ ಯಾವ ಮಾತ್ರೆಯೂ ಇಲ್ಲ. ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತವರನ್ನು ಗದರಿಸುವುದೂ ಬೇಡ. ಹರಕೆಯ ಜೊತೆಗೆ ಮಾತ್ರೆಯೂ ನಡೆಯಲಿ.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕರೆಸಲು ಆರಿಸಿಕೊಂಡದ್ದು ಮಂಗಳವಾರ, ಅಮ್ಮನ ವಾರವನ್ನೇ. ಉಳಿದ ದಿನಗಳಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ ಇದೆ: 14416, ಹಗಲು ರಾತ್ರಿ, ಉಚಿತ.